ಕಸಬರಿಗೆ ಹಿಡಿದ ಸಂತ: ಗಾಡ್ಗೆ ಮಹಾರಾಜರು

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಮಹಾಪುರುಷರೆಂದೊಡನೆ ನಮ್ಮ ಕಣ್ಣೆದುರಿಗೆ ಬರುವ ಚಿತ್ರಗಳು ಕೆಲವೇ. ಖಡ್ಗ ಹಿಡಿದ ಅರಸ, ಲೇಖನಿ ಹಿಡಿದ ಕವಿ, ಜಪಮಾಲೆ ಹಿಡಿದ ಸಂನ್ಯಾಸಿ, ಇಂಥವರ ಪಟಗಳನ್ನು ನಾವು ಗೋಡೆಗೆ ತೂಗುಹಾಕುತ್ತೇವೆ. ಕಸಬರಿಗೆ ಹಿಡಿದವನ ಪಟವನ್ನು ತೂಗುಹಾಕುವವರು ಅಪರೂಪ. ಕಸಬರಿಗೆಯನ್ನೇ ನಾವು ಬಂದವರ ಕಣ್ಣಿಗೆ ಬೀಳದಂತೆ ಬಾಗಿಲ ಹಿಂದೆ ಇಡುವವರು. ಆದರೆ ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಒಬ್ಬ ಪುಣ್ಯಪುರುಷರು ಅದೇ ಕಸಬರಿಗೆಯನ್ನು ಹಿಡಿದು ಐವತ್ತು ವರ್ಷಗಳ ಕಾಲ ಊರೂರು ತಿರುಗಿದರು. ಜನರು ಅವರನ್ನು ಸಂತರೆಂದು ಕರೆದರು. ಅವರೇ ಗಾಡ್ಗೆ ಮಹಾರಾಜರು. ಜನರ ಬಾಯಲ್ಲಿ ಗಾಡ್ಗೆ ಬಾಬಾ.

ನಮ್ಮ ಊರು ಭೀಮಾ ನದಿಯ ದಂಡೆಯ ಮೇಲಿದೆ. ನಮ್ಮ ಮುತ್ಯಾ ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದವರು. ಅವರಿಗೆ ಓದು ಬರೆಹ ತಿಳಿಯದು. ಬಾಬಾ ಅವರನ್ನು ತಾವು ಕಂಡವರಲ್ಲ, ತಮ್ಮ ತಂದೆ ಕಂಡಿದ್ದರೆಂದು ಹೇಳುತ್ತಿದ್ದರು. ಚಿಂದಿ ಬಟ್ಟೆಯುಟ್ಟ ಒಬ್ಬ ಮುದುಕರು ನದಿಯ ಮರಳಿನ ಮೇಲೆ ಯಾತ್ರಿಕರ ಹೊಲಸನ್ನು ಬಳಿಯುತ್ತಿದ್ದರು, ರಾತ್ರಿ ನೋಡಿದರೆ ಅವರೇ ಸಾವಿರಾರು ಜನರ ನಡುವೆ ನಿಂತು ಕೀರ್ತನೆ ಮಾಡುತ್ತಿದ್ದರು ಎಂಬ ಮಾತನ್ನು ಬಾಲ್ಯದಲ್ಲಿ ನಾನು ಎಷ್ಟೋ ಸಲ ಕೇಳಿದ್ದೆ. ಆಗ ಅದು ಕಟ್ಟುಕಥೆಯೆಂದೇ ತೋರಿತ್ತು. ಕಾಲೇಜಿಗೆ ಬಂದ ಮೇಲೆ ಅವರ ಚರಿತ್ರೆಯನ್ನು ಓದಿದೆ. ಕಥೆಗಿಂತಲೂ ನಿಜವೇ ದೊಡ್ಡದೆಂದು ತಿಳಿಯಿತು. ಆ ಜೀವನವನ್ನು ನನ್ನ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಗಾಡ್ಗೆ ಬಾಬಾ ಅವರ ಮೊದಲ ಹೆಸರು ಡೇಬೂಜಿ. 1876ರ ಫೆಬ್ರವರಿ 23ರಂದು ವಿದರ್ಭದ ಅಮರಾವತಿ ಜಿಲ್ಲೆಯ ಶೇಂಡಗಾಂವ ಎಂಬ ಸಣ್ಣ ಹಳ್ಳಿಯಲ್ಲಿ ಅವರು ಹುಟ್ಟಿದರು. ತಂದೆ ಝಿಂಗರಾಜಿ, ತಾಯಿ ಸಖೂಬಾಯಿ. ಕುಲದಿಂದ ಪರೀಟರು, ಎಂದರೆ ನಮ್ಮಲ್ಲಿಯ ಮಡಿವಾಳರು. ಊರಿನವರ ಮೈಯ ಕೊಳೆಯನ್ನು ತಲೆತಲಾಂತರದಿಂದ ಒಗೆದು ಶುಭ್ರಮಾಡಿ ಕೊಡುತ್ತ ಬಂದ ಮನೆತನದಲ್ಲಿ, ಮುಂದೆ ಊರಿನ ಕೊಳೆಯನ್ನೇ ತೊಳೆಯಬೇಕಾದ ಮಗು ಹುಟ್ಟಿತು. ಹನ್ನೆರಡನೆಯ ಶತಮಾನದಲ್ಲಿ ಬಟ್ಟೆ ಒಗೆಯುವ ಕಾಯಕದಿಂದಲೇ ಶರಣ ಪದವಿಗೆ ಏರಿದ ಮಡಿವಾಳ ಮಾಚಿದೇವರನ್ನು ಕಂಡ ಕನ್ನಡ ನಾಡಿಗೆ ಇದು ಅಪರಿಚಿತವಾದ ಸಂಗತಿಯಲ್ಲ.

ಬಾಲಕನ ಭಾಗ್ಯವು ಹೆಚ್ಚು ಕಾಲ ಉಳಿಯಲಿಲ್ಲ. ತಂದೆ ಮದ್ಯಪಾನದ ಚಟಕ್ಕೆ ಬಿದ್ದು, ಆರೋಗ್ಯವನ್ನೂ ಇದ್ದುದನ್ನೂ ಕಳೆದುಕೊಂಡು, ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ತಾಯಿ ಮಗನನ್ನು ಕರೆದುಕೊಂಡು ತವರಾದ ದಾಪುರೆ ಎಂಬ ಹಳ್ಳಿಗೆ ಬಂದಳು. ಅಲ್ಲಿ ಸೋದರಮಾವನ ಆಶ್ರಯದಲ್ಲಿ ಡೇಬೂಜಿ ಬೆಳೆದನು. ದನ ಕಾಯುವುದು, ಹೊಲದಲ್ಲಿ ದುಡಿಯುವುದು, ಪೂರ್ಣಾ ನದಿಯಲ್ಲಿ ಈಜುವುದು, ರಾತ್ರಿ ಭಜನೆಯಲ್ಲಿ ಕೂಡುವುದು, ಇಷ್ಟೇ ಅವನ ವಿದ್ಯಾಭ್ಯಾಸ. ಶಾಲೆಯ ಮೆಟ್ಟಿಲನ್ನು ಅವನು ಹತ್ತಲಿಲ್ಲ. ತಂದೆಯ ಮರಣವು ಮಾತ್ರ ಅವನ ಮನಸ್ಸಿನಲ್ಲಿ ಮಾಯದ ಗಾಯವನ್ನು ಮಾಡಿತು. ಮುಂದೆ ಜೀವಮಾನವಿಡೀ ಅವರು ಮದ್ಯದ ವಿರುದ್ಧ ಹೋರಾಡಿದುದರ ಮೂಲ ಇಲ್ಲಿದೆ.

ಎರಡನೆಯ ಪಾಠವನ್ನು ಕಲಿಸಿದವನು ಸಾಹುಕಾರ. ಸೋದರಮಾವನಿಗೆ ಅಕ್ಷರ ಬಾರದು. ಸಾಲ ಕೊಟ್ಟ ಸಾಹುಕಾರನು ಕಾಗದದಲ್ಲಿ ಬರೆದುದೇನು, ಮಾವನು ಹೆಬ್ಬೆಟ್ಟು ಒತ್ತಿದುದೇತಕ್ಕೆ ಎಂಬುದು ಮನೆಯವರಿಗೆ ತಿಳಿಯುವಷ್ಟರಲ್ಲಿ ಹೊಲ ಕೈಬಿಟ್ಟಿತ್ತು. ಆ ದುಃಖದಲ್ಲಿ ಮಾವನೂ ತೀರಿಕೊಂಡನು. ಹೊಲವನ್ನು ವಶಪಡಿಸಿಕೊಳ್ಳಲು ಸಾಹುಕಾರನ ಕಡೆಯವರು ಬಂದಾಗ ಯುವಕ ಡೇಬೂಜಿ ನೇಗಿಲು ಬಿಡದೆ ಅವರಿಗೆ ಎದುರು ನಿಂತನೆಂದು ಚರಿತ್ರಕಾರರು ಹೇಳುತ್ತಾರೆ. ಅಕ್ಷರವಿಲ್ಲದವನ ಹೊಲ ಅಕ್ಷರ ಬಲ್ಲವನ ಪಾಲಾಗುತ್ತದೆ ಎಂಬ ಸತ್ಯವನ್ನು ಅವರು ಹೀಗೆ ಅನುಭವದಿಂದ ಅರಿತರು. ಹೆಬ್ಬೆಟ್ಟಿನ ಮನೆಯಿಂದಲೇ ಕಾಲೇಜಿಗೆ ಬಂದ ನನ್ನಂಥವರಿಗೆ ಈ ಪ್ರಸಂಗವನ್ನು ವಿವರಿಸಿ ಹೇಳಬೇಕಾಗಿಲ್ಲ.

ಡೇಬೂಜಿಗೆ ಕುಂತಾಬಾಯಿ ಎಂಬ ಕನ್ಯೆಯೊಡನೆ ವಿವಾಹವಾಯಿತು. ಮಗಳು ಹುಟ್ಟಿದಾಗ ನಾಮಕರಣದ ಊಟ ನಡೆಯಿತು. ಅಂತಹ ಸಮಾರಂಭದಲ್ಲಿ ಕುಲದವರಿಗೆ ಮದ್ಯ ಮಾಂಸಗಳನ್ನು ಬಡಿಸುವುದು ಅಂದಿನ ಪದ್ಧತಿ. ಡೇಬೂಜಿ ಸಿಹಿ ಅಡಿಗೆಯ ಊಟವನ್ನು ಬಡಿಸಿದನು. ಕುಲದ ಹಿರಿಯರು ಸಿಟ್ಟಾದರು. ತಂದೆಯನ್ನು ನುಂಗಿದ ವಸ್ತುವನ್ನು ಮಗಳ ಹೆಸರಿನಲ್ಲಿ ಬಡಿಸಲು ಅವನ ಮನಸ್ಸು ಒಪ್ಪಲಿಲ್ಲ. ದೊಡ್ಡ ಮಾತುಗಳನ್ನಾಡುವ ಮೊದಲು ತನ್ನ ಮನೆಯಲ್ಲೇ ಆಚರಿಸಿ ತೋರಿಸುವ ಅವರ ಸ್ವಭಾವದ ಮೊದಲ ಗುರುತು ಇದು.

1905ರ ಫೆಬ್ರವರಿಯಲ್ಲಿ, ವಯಸ್ಸಿನ ಇಪ್ಪತ್ತೊಂಬತ್ತನೆಯ ವರ್ಷದಲ್ಲಿ, ಡೇಬೂಜಿ ಮನೆ ಬಿಟ್ಟು ಹೊರಟರು. ಈ ಘಟ್ಟದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಲೋಕಕ್ಕೆ ಒಬ್ಬ ಸಂತನು ದೊರೆತನು, ನಿಜ. ಆದರೆ ವೃದ್ಧ ತಾಯಿ, ಮಡದಿ, ಮಕ್ಕಳ ಪಾಡೇನು? ಮಹಾಪುರುಷರ ಚರಿತ್ರೆಯಲ್ಲಿ ಇಂತಹ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುವುದು ರೂಢಿ. ಕುಂತಾಬಾಯಿಯವರು ಪಟ್ಟ ಕಷ್ಟವೂ ಈ ಚರಿತ್ರೆಯ ಭಾಗವೆಂದು ನಾನು ತಿಳಿಯುತ್ತೇನೆ. ಮುಂದೆ ಬಾಬಾ ಅವರ ಮಾತಿಗೆ ಲಕ್ಷಾಂತರ ರೂಪಾಯಿ ಕೂಡಿದಾಗಲೂ ಅದರಲ್ಲಿ ಮಡದಿ ಮಕ್ಕಳಿಗೆ ಕಾಸಿನ ಪಾಲೂ ಇರಲಿಲ್ಲ. ಆ ತ್ಯಾಗವು ಬಾಬಾ ಅವರೊಬ್ಬರದೇ ಅಲ್ಲ, ಆ ತಾಯಿಯದೂ ಹೌದು.

ಮನೆ ಬಿಟ್ಟ ಮೇಲೆ ಅವರ ವೇಷವೇ ಬೇರೆಯಾಯಿತು. ಬಣ್ಣಬಣ್ಣದ ಚಿಂದಿಗಳನ್ನು ಕೂಡಿಸಿ ಹೊಲಿದ ಬಟ್ಟೆ, ಒಂದು ಕಿವಿಯಲ್ಲಿ ಕವಡೆ, ಇನ್ನೊಂದರಲ್ಲಿ ಒಡೆದ ಬಳೆಯ ಚೂರು, ಕೈಯಲ್ಲಿ ಕೋಲು ಇಲ್ಲವೆ ಕಸಬರಿಗೆ. ಇವೆಲ್ಲವುಗಳ ಜೊತೆಗೆ ಒಡೆದ ಮಣ್ಣಿನ ಪಾತ್ರೆಯೊಂದು. ಬಿಸಿಲಿಗೆ ಅದು ತಲೆಯ ಮೇಲಿನ ಟೋಪಿ, ಹಸಿದಾಗ ಅದೇ ಊಟದ ತಟ್ಟೆ, ಬಾಯಾರಿದಾಗ ಅದೇ ನೀರಿನ ಬಟ್ಟಲು. ಮರಾಠಿಯಲ್ಲಿ ಅಂತಹ ಪಾತ್ರೆಗೆ ಗಾಡ್ಗೆ ಎನ್ನುತ್ತಾರೆ. ನಮ್ಮ ಗಡಿಗೆ ಎಂಬ ಮಾತು ಕಿವಿಗೆ ಅದರ ಒಡಹುಟ್ಟಿನಂತೆಯೇ ಕೇಳುತ್ತದೆ. ಆ ಪಾತ್ರೆಯಿಂದಲೇ ಅವರಿಗೆ ಗಾಡ್ಗೆ ಬಾಬಾ ಎಂಬ ಹೆಸರು ನಿಂತಿತು. ರಾಜರು ಗೆದ್ದ ರಾಜ್ಯಗಳಿಂದ ಬಿರುದು ಪಡೆಯುತ್ತಾರೆ, ಇವರು ಒಡೆದ ಗಡಿಗೆಯಿಂದ ಹೆಸರು ಪಡೆದರು.

ಅವರ ಸೇವೆಯ ಆರಂಭವು ಪೂರ್ಣಾ ನದಿಯ ದಂಡೆಯ ಋಣಮೋಚನ ಎಂಬ ಕ್ಷೇತ್ರದಲ್ಲಿ ಆಯಿತು. ಅಲ್ಲಿಗೆ ಜಾತ್ರೆಗೆ ಬರುವ ಜನರು ನದಿಗೆ ಇಳಿಯುವ ದಾರಿ ಕೆಸರಾಗಿ, ಮುದುಕರೂ ಹೆಂಗಸರೂ ಜಾರಿ ಬೀಳುತ್ತಿದ್ದರು. ಪ್ರತಿ ವರ್ಷ ಬೀಳುತ್ತಿದ್ದರು, ಪ್ರತಿ ವರ್ಷ ದೇವರ ಹೆಸರು ಹೇಳಿ ಎದ್ದು ಹೋಗುತ್ತಿದ್ದರು. ಬಾಬಾ ಯಾರಿಗೂ ಅರ್ಜಿ ಬರೆಯಲಿಲ್ಲ, ಬರೆಯಲು ಬರುತ್ತಲೂ ಇರಲಿಲ್ಲ. ಬುಟ್ಟಿಯಲ್ಲಿ ಮಣ್ಣು ತಂದು ಆ ಜಾಗಕ್ಕೆ ಹಾಕತೊಡಗಿದರು. ಕಂಡವರು ಮೊದಲು ನಕ್ಕರು, ಆಮೇಲೆ ಒಬ್ಬಿಬ್ಬರು ಬುಟ್ಟಿ ಹಿಡಿದರು. ಕಾಲಕ್ರಮದಲ್ಲಿ ಅಲ್ಲಿ ಜನರ ನೆರವಿನಿಂದಲೇ ಕಲ್ಲಿನ ಘಾಟು ಎದ್ದು ನಿಂತಿತು. ಅವರ ಮುಂದಿನ ಎಲ್ಲ ಕಾರ್ಯಗಳ ಕ್ರಮವೂ ಇದೇ: ಮೊದಲು ತಮ್ಮ ಕೈ, ಆಮೇಲೆ ನೆರೆಯವರ ಕೈ, ಕೊನೆಗೆ ಊರಿನ ಕೈ.

ಅವರು ಒಂದು ಹಳ್ಳಿಯನ್ನು ಪ್ರವೇಶಿಸುತ್ತಿದ್ದ ರೀತಿಯನ್ನು ತಿಳಿಯಬೇಕು. ಸಂತರು ಬರುವರೆಂದರೆ ತೋರಣ ಕಟ್ಟುವುದು, ವಾದ್ಯ ನುಡಿಸುವುದು ವಾಡಿಕೆ. ಇವರು ಹೇಳದೆ ಕೇಳದೆ ಬರುತ್ತಿದ್ದರು. ಬಂದವರೇ ಗುಡಿಗೂ ಹೋಗದೆ, ಗೌಡರ ಮನೆಗೂ ಹೋಗದೆ, ಬೀದಿಯ ಒಂದು ತುದಿಯಿಂದ ಕಸ ಗುಡಿಸಲು ತೊಡಗುತ್ತಿದ್ದರು. ಚರಂಡಿಯಲ್ಲಿ ಕಟ್ಟಿಕೊಂಡ ಕೊಳೆಯನ್ನು ಕೈಯಾರೆ ಎತ್ತುತ್ತಿದ್ದರು. ಬಾವಿಯ ಸುತ್ತಲಿನ ರಾಡಿಯನ್ನು ಬಳಿಯುತ್ತಿದ್ದರು. ಯಾರೋ ಹುಚ್ಚನೆಂದು ಹುಡುಗರು ಹಿಂಬಾಲಿಸುತ್ತಿದ್ದರು. ಯಾರಾದರೂ ರೊಟ್ಟಿ ಕೊಟ್ಟರೆ ದುಡಿಮೆಗೆ ಪ್ರತಿಯಾಗಿ ಅದನ್ನು ಆ ಒಡೆದ ಪಾತ್ರೆಯಲ್ಲಿ ತೆಗೆದುಕೊಳ್ಳುತ್ತಿದ್ದರು, ದುಡಿಯದೆ ತಿನ್ನುವುದು ಅವರಿಗೆ ಒಗ್ಗದು. ಬೀದಿ ಶುದ್ಧವಾದ ಮೇಲೆ, ಈ ರಾತ್ರಿ ಕೀರ್ತನೆಯಿದೆ, ಎಲ್ಲರೂ ಬನ್ನಿರೆಂದು ತಾವೇ ತಿಳಿಸುತ್ತಿದ್ದರು. ಹಗಲು ಊರನ್ನು ಗುಡಿಸಿದವರು ರಾತ್ರಿ ಊರವರ ಮನಸ್ಸನ್ನು ಗುಡಿಸುತ್ತಿದ್ದರು.

ಆ ಕೀರ್ತನೆಯೂ ವಿಲಕ್ಷಣವಾದುದು. ಅದರಲ್ಲಿ ಸಂಸ್ಕೃತ ಶ್ಲೋಕಗಳ ಆಡಂಬರವಿರಲಿಲ್ಲ. ವಿದರ್ಭದ ಹಳ್ಳಿಗರ ಆಡುನುಡಿಯಲ್ಲಿ ಅವರು ಪ್ರಶ್ನೆ ಕೇಳುತ್ತ ಹೋಗುತ್ತಿದ್ದರು, ಕುಳಿತ ಜನರೇ ಉತ್ತರ ಹೇಳಬೇಕು. ಉತ್ತರ ಹೇಳುತ್ತ ಹೇಳುತ್ತ ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡಿರುವುದು ಜನರಿಗೆ ಕೊನೆಯಲ್ಲಿ ತಿಳಿಯುತ್ತಿತ್ತು. ಕುಡಿಯಬೇಡಿರಿ, ದೇವರ ಹೆಸರಿನಲ್ಲಿ ಮೂಕಪ್ರಾಣಿಯನ್ನು ಕಡಿಯಬೇಡಿರಿ, ಸಾಲ ಮಾಡಿ ಮದುವೆ ಮಾಡಬೇಡಿರಿ, ಯಾರನ್ನೂ ಅಸ್ಪೃಶ್ಯರೆಂದು ದೂರವಿಡಬೇಡಿರಿ, ಮನೆಯಲ್ಲಿಯ ಪಾತ್ರೆ ಮಾರಿಯಾದರೂ ಮಕ್ಕಳಿಗೆ ವಿದ್ಯೆ ಕೊಡಿಸಿರಿ ಎಂಬುದೇ ಅವರ ಬೋಧನೆಯ ಸಾರ. ಊಟದ ತಟ್ಟೆ ಹೋದರೆ ಕೈಯಲ್ಲಿ ರೊಟ್ಟಿ ಹಿಡಿದು ತಿನ್ನಬಹುದು, ವಿದ್ಯೆಯಿಲ್ಲದ ಮಗನಿಗೆ ಬೇರೆ ದಾರಿಯಿಲ್ಲ ಎಂಬುದು ಅವರ ವಾದ. ಶಾಲೆ ಕಾಣದವರ ಬಾಯಿಂದ ಬಂದ ಈ ಮಾತಿಗೆ ಇದ್ದ ಬಲವು ಯಾವ ವಿದ್ವಾಂಸನ ಭಾಷಣಕ್ಕೂ ಇರಲಾರದು.

ಅವರು ಯಾರನ್ನೂ ಶಿಷ್ಯರನ್ನಾಗಿ ಮಾಡಿಕೊಳ್ಳಲಿಲ್ಲ, ತಾವು ಯಾರ ಗುರುವೂ ಅಲ್ಲವೆಂದು ಸಾರಿದರು. ಕಾಲು ಮುಟ್ಟಿ ನಮಸ್ಕರಿಸಲು ಬಂದವರಿಗೆ ಕೋಲಿನ ರುಚಿ ತೋರಿಸುತ್ತಿದ್ದರಂತೆ. ಕೀರ್ತನೆ ಮುಗಿಯುವ ಹೊತ್ತಿಗೆ ಜನರ ಕೈಗೆ ಸಿಕ್ಕದೆ ಮರೆಯಾಗುತ್ತಿದ್ದರು. ಪೂಜೆಗೊಂಡ ಸಂತನ ಕೈಯಲ್ಲಿ ಕಸಬರಿಗೆ ಬಹುಕಾಲ ಉಳಿಯುವುದಿಲ್ಲವೆಂಬುದು ಅವರಿಗೆ ತಿಳಿದಿರಬೇಕು.

ಪಂಢರಪುರದಲ್ಲಿ ಅವರು ನಡೆದುಕೊಂಡ ರೀತಿಯು ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದುದು. ಆಷಾಢ, ಕಾರ್ತಿಕ ಏಕಾದಶಿಗಳಲ್ಲಿ ಮಹಾರಾಷ್ಟ್ರ ಕರ್ನಾಟಕಗಳೆರಡರಿಂದಲೂ ಜನರು ವಿಠ್ಠಲನ ದರ್ಶನಕ್ಕೆ ಅಲ್ಲಿ ಸೇರುತ್ತಾರೆ. ಅಷ್ಟು ಜನರು ಕೂಡಿದ ಮೇಲೆ ನದಿಯ ಮರಳು ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ. ಎಲ್ಲರೂ ಗುಡಿಯ ಕಡೆಗೆ ಮುಖಮಾಡಿ ಸಾಲಿನಲ್ಲಿ ನಿಂತಿರುವಾಗ ಬಾಬಾ ಗುಡಿಗೆ ಬೆನ್ನುಮಾಡಿ ಚಂದ್ರಭಾಗೆಯ ದಂಡೆಯನ್ನು ಗುಡಿಸುತ್ತಿದ್ದರು. ಪ್ರತಿ ವರ್ಷ ಪಂಢರಪುರಕ್ಕೆ ಹೋದರೂ ಅವರು ಗುಡಿಯೊಳಗಿನ ದರ್ಶನಕ್ಕೆ ಹೋಗುತ್ತಿರಲಿಲ್ಲ. ಹಸಿದವನಲ್ಲಿ, ರೋಗಿಯಲ್ಲಿ, ದಣಿದ ಯಾತ್ರಿಕನಲ್ಲಿ ಅವರ ವಿಠ್ಠಲನಿದ್ದನು. ಪಂಢರಪುರದಲ್ಲಿ ಚಂದ್ರಭಾಗೆಯೆಂದು ಕರೆಯಿಸಿಕೊಳ್ಳುವ ನದಿಯೇ ಭೀಮಾ. ಅದು ಅಲ್ಲಿಂದ ಕೆಳಗೆ ಹರಿದು ನಮ್ಮ ನಾಡಿಗೆ ಬಂದು, ನಮ್ಮ ಹೊಲಗಳಿಗೆ ನೀರುಣಿಸಿ, ಕೃಷ್ಣೆಯನ್ನು ಸೇರುತ್ತದೆ. ಬಾಬಾ ಅಲ್ಲಿ ಎತ್ತಿಹಾಕಿದ ಹೊಲಸು ನಮ್ಮ ಹಿರಿಯರು ಕುಡಿದ ನೀರಿಗೆ ಸೇರದೆ ಉಳಿಯಿತೆಂದಮೇಲೆ, ಅವರ ಋಣ ನಮ್ಮ ಮೇಲೂ ಇದೆಯಲ್ಲವೇ?

ಅವರ ಇನ್ನೊಂದು ದೊಡ್ಡ ಕಾರ್ಯವೆಂದರೆ ಧರ್ಮಶಾಲೆಗಳು. ಯಾತ್ರೆಗೆ ಬಂದ ಬಡವರು ಮಳೆಯಲ್ಲಿ ಮರದ ಕೆಳಗೆ ಮಲಗುವುದನ್ನು ಅವರು ಕಂಡಿದ್ದರು. ಅಸ್ಪೃಶ್ಯರೆನಿಸಿದವರಿಗಂತೂ ಇದ್ದ ತಂಗುದಾಣಗಳ ಬಾಗಿಲೂ ತೆರೆಯುತ್ತಿರಲಿಲ್ಲ. ಪಂಢರಪುರದ ಗುಡಿಯ ಬಾಗಿಲೇ ಅವರಿಗೆ ತೆರೆದುದು 1947ರಲ್ಲಿ, ಸಾನೆ ಗುರೂಜಿಯವರು ಉಪವಾಸ ಕೈಗೊಂಡ ಮೇಲೆ. ಅದಕ್ಕೂ ಎಷ್ಟೋ ವರ್ಷಗಳ ಮೊದಲೇ ಬಾಬಾ ಅದೇ ಊರಿನಲ್ಲಿ ಆ ಜನರಿಗಾಗಿ ಧರ್ಮಶಾಲೆಯನ್ನು ಕಟ್ಟಿಸಿ, ಗುಡಿಯ ಹೊರಗೇ ನಿಲ್ಲಬೇಕಾಗಿದ್ದ ಸಂತ ಚೋಖಾಮೇಳನ ಹೆಸರನ್ನು ಅದಕ್ಕೆ ಇಟ್ಟರು. ನಾಸಿಕ, ಆಳಂದಿ, ದೇಹು ಮೊದಲಾದ ಕ್ಷೇತ್ರಗಳಲ್ಲಿಯೂ ಧರ್ಮಶಾಲೆಗಳು ಎದ್ದವು. ಮುಂಬಯಿಯ ಜೆ. ಜೆ. ಆಸ್ಪತ್ರೆಗೆ ಹಳ್ಳಿಗಳಿಂದ ಬರುವ ರೋಗಿಗಳ ಸಂಬಂಧಿಕರಿಗೂ ತಂಗಲು ಸ್ಥಳವಾಯಿತು. ಕುರುಡರು, ಕುಂಟರು, ಕುಷ್ಠರೋಗಿಗಳಿಗೆ ಅನ್ನ ಬಟ್ಟೆಗಳ ದಾನ ನಡೆಯಿತು. ಅನಾಥ ಮಕ್ಕಳಿಗೆ ಆಶ್ರಯ, ಬಡ ಮಕ್ಕಳಿಗೆ ಶಾಲೆ, ಮುದಿ ದನಗಳಿಗೆ ಗೋಶಾಲೆ ಆದವು.

ಇಷ್ಟೆಲ್ಲ ಕಟ್ಟಿಸಿದವರು ತಮಗಾಗಿ ಒಂದು ಗುಡಿಸಲನ್ನೂ ಉಳಿಸಿಕೊಳ್ಳಲಿಲ್ಲ. ದಾನವಾಗಿ ಬಂದ ಹಣವನ್ನು ವಿಶ್ವಸ್ತರ ಕೈಗೆ ಒಪ್ಪಿಸಿದರು. 1952ರಲ್ಲಿ ಈ ಸಂಸ್ಥೆಗಳನ್ನು ನಡೆಸಲು ಗಾಡ್ಗೆ ಮಹಾರಾಜ ಮಿಷನ್ ಸ್ಥಾಪನೆಯಾಯಿತು. ಮುಂಬಯಿ ಪ್ರಾಂತದ ಮುಖ್ಯಮಂತ್ರಿಗಳಾಗಿದ್ದ ಬಾಳಾಸಾಹೇಬ ಖೇರರಂಥವರು ಅವರಲ್ಲಿ ಭಕ್ತಿಯಿಟ್ಟಿದ್ದರು. ಆದರೂ ಬಾಬಾ ಅವರ ಚಿಂದಿ ಬಟ್ಟೆ ಬದಲಾಗಲಿಲ್ಲ.

1923ರಲ್ಲಿ ಕೊಂಕಣದ ಖಾರೇಪಾಟಣದಲ್ಲಿ ಅವರು ಕೀರ್ತನೆ ಮಾಡುತ್ತಿದ್ದಾಗ ಮಗ ಗೋವಿಂದನು ತೀರಿಕೊಂಡ ಸುದ್ದಿ ಬಂದಿತು. ಬಾಬಾ ಕೀರ್ತನೆಯನ್ನು ನಿಲ್ಲಿಸಲಿಲ್ಲ. ಲೋಕದಲ್ಲಿ ಇಂತಹ ಎಷ್ಟೋ ಮಕ್ಕಳು ಹೋಗುತ್ತಿರುವಾಗ ತನ್ನ ಒಬ್ಬನಿಗಾಗಿ ಅಳುವುದು ತರವಲ್ಲವೆಂಬ ಭಾವವನ್ನು ತೋರಿ, ಹಿಡಿದ ಕಾರ್ಯವನ್ನು ಮುಗಿಸಿದರು. ಈ ಪ್ರಸಂಗವನ್ನು ಓದಿದಾಗ ಮೆಚ್ಚಬೇಕೋ ಮರುಗಬೇಕೋ ತಿಳಿಯದಾಗುತ್ತದೆ. ಅವರು ಕಲ್ಲುಹೃದಯದವರಾಗಿದ್ದರೆ ಕುಷ್ಠರೋಗಿಯ ಮೈ ತೊಳೆಯುತ್ತಿರಲಿಲ್ಲ ಎಂಬುದನ್ನು ಮಾತ್ರ ನಾವು ಮರೆಯಬಾರದು.

ಸಮಾಜ ಸುಧಾರಕರೊಡನೆ ಅವರಿಗಿದ್ದ ಸ್ನೇಹವೂ ಸ್ಮರಣೀಯವಾದುದು. ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಬಡ ಮಕ್ಕಳಿಗೆ ದುಡಿಮೆಯೊಡನೆ ವಿದ್ಯೆ ಕೊಟ್ಟ ಕರ್ಮವೀರ ಭಾವೂರಾವ ಪಾಟೀಲರಿಗೆ ಬಾಬಾ ಬೆಂಬಲವಾಗಿ ನಿಂತರು. ಆ ಸಂಸ್ಥೆಯು 1954ರಲ್ಲಿ ಕರಾಡದಲ್ಲಿ ಸ್ಥಾಪಿಸಿದ ಕಾಲೇಜಿಗೆ ಗಾಡ್ಗೆ ಮಹಾರಾಜರ ಹೆಸರನ್ನೇ ಇಟ್ಟಿತು. ಅಕ್ಷರ ಬಾರದವರ ಹೆಸರಿನಲ್ಲಿ ಒಂದು ಕಾಲೇಜು! ಡಾ. ಅಂಬೇಡ್ಕರರಲ್ಲಿ ಬಾಬಾ ಅವರಿಗೆ ಅಪಾರವಾದ ಪ್ರೀತಿ. ಪಂಢರಪುರದ ಚೋಖಾಮೇಳ ಧರ್ಮಶಾಲೆಯನ್ನು ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿಗೆ ಅವರು ಒಪ್ಪಿಸಿದರು. ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿದವರೊಬ್ಬರು, ಓದನ್ನೇ ಕಾಣದವರೊಬ್ಬರು. ಇಬ್ಬರೂ ಒಂದೇ ರೋಗವನ್ನು ಕಂಡು, ಅದಕ್ಕೆ ಒಂದೇ ಮದ್ದನ್ನು ಹೇಳಿದರು.

1956ರ ಡಿಸೆಂಬರ್ 6ರಂದು ಅಂಬೇಡ್ಕರರು ನಿಧನರಾದರು. ಆಗ ಬಾಬಾ ಸ್ವತಃ ಅಸ್ವಸ್ಥರಾಗಿದ್ದರು. ಹದಿನಾಲ್ಕು ದಿನ ಕಳೆದು, ಡಿಸೆಂಬರ್ 20ರಂದು, ಅಮರಾವತಿಗೆ ಹೋಗುವ ದಾರಿಯಲ್ಲಿ ವಲಗಾಂವದ ಬಳಿ ಪೇಢಿ ನದಿಯ ಹತ್ತಿರ ಅವರ ಪ್ರಾಣ ಹೋಯಿತು. ದಾರಿಗಳನ್ನೇ ಗುಡಿಸುತ್ತ ಬಾಳಿದವರು ದಾರಿಯಲ್ಲೇ ಕಣ್ಣು ಮುಚ್ಚಿದರು. ಆಗ ಅವರಿಗೆ ಎಂಬತ್ತು ವರ್ಷ. ತಮ್ಮ ಮೂರ್ತಿಯನ್ನು ನಿಲ್ಲಿಸಬಾರದು, ಸಮಾಧಿ ಗುಡಿಗಳನ್ನು ಕಟ್ಟಬಾರದು ಎಂಬುದು ಅವರ ಇಚ್ಛೆಯಾಗಿತ್ತು.

ಲೋಕವು ಅವರನ್ನು ಮರೆಯಲಿಲ್ಲ. 1998ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿತು. 2000-01ರಲ್ಲಿ ಮಹಾರಾಷ್ಟ್ರ ಸರಕಾರವು ಸಂತ ಗಾಡ್ಗೆ ಬಾಬಾ ಗ್ರಾಮ ಸ್ವಚ್ಛತಾ ಅಭಿಯಾನವನ್ನು ಆರಂಭಿಸಿ, ಸ್ವಚ್ಛವಾದ ಹಳ್ಳಿಗಳಿಗೆ ಬಹುಮಾನ ಕೊಡುವ ಏರ್ಪಾಡು ಮಾಡಿತು. 2005ರಲ್ಲಿ ಅಮರಾವತಿಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರು ಬಂದಿತು. 2014ರ ಅಕ್ಟೋಬರ್ 2ರಂದು ಇಡೀ ದೇಶಕ್ಕೆ ಸ್ವಚ್ಛ ಭಾರತ ಅಭಿಯಾನವು ಬಂದಾಗ, ಒಬ್ಬ ಮಡಿವಾಳರ ಮಗ ನೂರು ವರ್ಷಗಳಿಗೂ ಹಿಂದೆ ಸರಕಾರದ ಹಂಗಿಲ್ಲದೆ ಇದನ್ನೇ ಮಾಡಿದ್ದನೆಂದು ಹಲವರು ನೆನೆದರು.

ಈಗ ನನ್ನದೊಂದು ಮಾತನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವೊಂದರಲ್ಲಿ ನಾನೂ ಒಂದು ಹಳ್ಳಿಯ ಬೀದಿಯನ್ನು ಗುಡಿಸಿದ್ದೆನು. ಪ್ಲಾಸ್ಟಿಕ್ ಚೀಲಗಳನ್ನು ಆರಿಸಿದೆವು, ಚರಂಡಿಯ ಹೂಳೆತ್ತಿದೆವು, ಫೋಟೋ ತೆಗೆಯಿಸಿಕೊಂಡೆವು. ಕೊನೆಯ ದಿನ ಸಮಾರೋಪ, ಭಾಷಣ, ಊಟ ಎಲ್ಲವೂ ಆದವು. ಉಂಡೆದ್ದ ಕಾಗದದ ತಟ್ಟೆಗಳೂ ಲೋಟಗಳೂ ಅಂಗಳದಲ್ಲಿ ಹರಡಿದ್ದವು. ಮರುದಿನ ಮುಂಜಾನೆ ನಾವು ಹೊರಡುವ ಹೊತ್ತಿಗೆ ಆ ಊರಿನ ಒಬ್ಬ ವಯಸ್ಸಾದ ತಾಯಿ ಒಬ್ಬಳೇ ಬಾಗಿ ಅವುಗಳನ್ನು ಆರಿಸುತ್ತಿದ್ದಳು. ಅದು ಅವಳ ಕೆಲಸವೆಂದು ಯಾರೋ ಹೇಳಿದರು. ನಾನು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆನು. ಏಳು ದಿನ ಕಸಬರಿಗೆ ಹಿಡಿದಿದ್ದ ನನ್ನ ಕೈ ಆ ಒಂದು ಗಳಿಗೆ ಮೇಲೇಳಲಿಲ್ಲ.

ಏಕೆಂದು ಆಮೇಲೆ ಯೋಚಿಸಿದೆನು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲು. ರಜೆಗೆ ಊರಿಗೆ ಹೋದಾಗ ನಾನು ಅಂಗಳ ಗುಡಿಸಲು ಹೋದರೆ ಅವ್ವ ಕೈಯಿಂದ ಕಸಬರಿಗೆ ಕಸಿದುಕೊಳ್ಳುತ್ತಾಳೆ. ಕಲಿತ ಮಗ ಕಸ ಮುಟ್ಟಬಾರದೆಂಬುದು ಅವಳ ಆಸೆ. ಆ ಆಸೆಯನ್ನು ನಾನು ಹಗುರಾಗಿ ಕಾಣಲಾರೆ. ತಲೆತಲಾಂತರದಿಂದ ಇನ್ನೊಬ್ಬರ ಕಸ ಎತ್ತುತ್ತ ಬಂದವರಿಗೆ ವಿದ್ಯೆಯೆಂದರೆ ಕಸಬರಿಗೆಯಿಂದ ಬಿಡುಗಡೆ. ಬಾಬಾ ಕೂಡ ಅವರಿಗೆ ವಿದ್ಯೆಯನ್ನೇ ಹೇಳಿದರು, ಕಸಬರಿಗೆಯನ್ನು ಹಿಡಿಸಲಿಲ್ಲ. ಆದರೆ ಅವರು ಬಿಟ್ಟ ಕಸಬರಿಗೆಯನ್ನು ಹಿಡಿಯುವವರು ಯಾರು? ನಾನು ಕಲಿತುದರ ಫಲವಾಗಿ ನನ್ನ ಪಾಲಿನ ಕಸವು ಆ ವಯಸ್ಸಾದ ತಾಯಿಯ ಕೈಗೆ ಹೋಯಿತೆಂದರೆ, ನಾನು ಬಿಡುಗಡೆ ಹೊಂದಿದುದು ಎಲ್ಲಿ? ನನ್ನ ಹೊರೆಯನ್ನು ಇನ್ನೊಬ್ಬರ ತಲೆಗೆ ಸಾಗಿಸಿದೆನಷ್ಟೆ.

ಗಾಡ್ಗೆ ಬಾಬಾ ಅವರ ಜೀವನವು ಈ ಪ್ರಶ್ನೆಗೆ ಉತ್ತರವೆಂದು ನಾನು ತಿಳಿದುಕೊಂಡಿದ್ದೇನೆ. ಕಸಬರಿಗೆ ಹಿಡಿದವನಿಗೆ ಪುಸ್ತಕ ಸಿಕ್ಕಬೇಕು, ಪುಸ್ತಕ ಹಿಡಿದವನಿಗೆ ಕಸಬರಿಗೆಯ ನಾಚಿಕೆ ಹೋಗಬೇಕು. ಈ ಎರಡೂ ಒಟ್ಟಿಗೆ ಆಗದೆ ಊರು ಶುದ್ಧವಾಗದು. ನಮ್ಮ ಕಾಲೇಜಿನ ತರಗತಿಯ ಕೊಠಡಿಗಳಲ್ಲಿ ಸಂಜೆ ಬಿದ್ದಿರುವ ಕಾಗದದ ಚೂರುಗಳು, ಅಂಗಳದಲ್ಲಿ ಹಾರುವ ತಿಂಡಿಯ ಪೊಟ್ಟಣಗಳು ನಾವು ಹಾಕಿದವೇ. ಅವುಗಳನ್ನು ಎತ್ತಲು ಶಿಬಿರ ಬೇಕಾಗಿಲ್ಲ, ಫೋಟೋ ಬೇಕಾಗಿಲ್ಲ, ಬಹುಮಾನವೂ ಬೇಕಾಗಿಲ್ಲ.

ಬರುವ ಜೂನ್ ತಿಂಗಳಿಗೆ ನಾವು ಈ ಕಾಲೇಜನ್ನು ಬಿಟ್ಟು ಹೋಗಿರುತ್ತೇವೆ. ಮೂರು ವರ್ಷ ಕೂತ ಕೊಠಡಿಯನ್ನು ಹೊರಡುವ ಮುನ್ನ ಒಮ್ಮೆ ನಾವೇ ಗುಡಿಸಿ ಹೋಗೋಣವೆಂದು ನಾವು ಕೆಲವರು ಗೆಳೆಯರು ನಿಶ್ಚಯಿಸಿದ್ದೇವೆ. ಕೂಡಬಯಸುವ ಮಿತ್ರರಿಗೆ ಸ್ವಾಗತ. ಕಸಬರಿಗೆಗಳನ್ನು ಮಾತ್ರ ಅವರವರೇ ತರಬೇಕು.